ಕಳವಾರ ಸೀಮೆಯ ಕುಡಿಯುವ ನೀರು: ಶುದ್ಧೀಕರಣದ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಳವಾರ ಸೀಮೆಯಲ್ಲಿ ಕುಡಿಯುವ ನೀರನ್ನು ಎರಡು ಬಗೆಯ ಮಾಲಿನ್ಯ ಕಾಡಿದೆ. ಒಂದು, ಬಂಡೆಯಿಂದ ಬಂದ ಫ್ಲೋರೈಡ್. ಇನ್ನೊಂದು, ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಹರಿಯತೊಡಗಿದ ಮೇಲೆ ಎದ್ದ ರಾಸಾಯನಿಕಗಳ ಆತಂಕ. ಈ ಸೀಮೆಯಲ್ಲಿ ಪರಿಹಾರಗಳೆಲ್ಲ ನೀರು ಮೇಲೆ ಬಂದ ನಂತರದವು. ಅಂತರ್ಜಲದ ಒಡಲನ್ನು ಕಾಯುವ ಹೊಣೆ ಯಾರದೆಂಬುದು ಇತ್ಯರ್ಥವಾಗಲೇ ಇಲ್ಲ ಎಂಬುದನ್ನು ಈ ಲೇಖನ ತೋರಿಸುತ್ತದೆ.

ಕೆರೆಯಿಂದ ಕೊಳವೆಬಾವಿಗೆ

ನಂದಿ ಬೆಟ್ಟಸಾಲಿನ ಸುತ್ತ ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಹೀಗಾಗಿ ಊರುಗಳು ಕೆರೆಯನ್ನೂ ಅದರ ಆಸರೆಯ ತೆರೆದ ಬಾವಿಗಳನ್ನೂ ನಂಬಿದ್ದವು. ಆ ಬಾವಿಗಳಲ್ಲಿದ್ದದ್ದು ಶಿಥಿಲ ಶಿಲೆಯ ಮೇಲ್ಪದರದಲ್ಲಿ ನಿಂತ, ಬಹುಮಟ್ಟಿಗೆ ಇತ್ತೀಚಿನ ಮಳೆಯ ನೀರು.

1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ಭಾರತಕ್ಕೆ ಗಟ್ಟಿಶಿಲೆ ಕೊರೆಯುವ ಯಂತ್ರಗಳನ್ನು ತಂದಿತು. ಕೈಪಂಪುಗಳು ಬಂದವು, ಅವುಗಳ ಹಿಂದೆಯೇ ಸಬ್‌ಮರ್ಸಿಬಲ್ ಪಂಪುಗಳು. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗೆ ನೀರೆತ್ತಿದಂತೆಲ್ಲ ಮೇಲ್ಪದರ ಬತ್ತಿ, ಬೋರ್‌ಗಳು ಸಾವಿರ ಅಡಿ ದಾಟಿದವು. ಆಳದ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಇಂಥ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಫ್ಲೋರೈಡನ್ನು ಹಿಡಿದು ತಳಕ್ಕಿಳಿಸಬೇಕಾದದ್ದು ಕ್ಯಾಲ್ಸಿಯಂ. ಅದಿಲ್ಲದಾಗ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಪೂರ್ವ ಕರ್ನಾಟಕದ ಆಳದ ಬೋರ್‌ಗಳಲ್ಲಿ ಈಚೆಗೆ ಯುರೇನಿಯಂ ಕೂಡ ಕಂಡುಬಂದಿದೆ.

ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ಎಚ್.ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ನೆಲ್ಲೂರು ಜಿಲ್ಲೆಯ ಅಧ್ಯಯನದಿಂದ ವರದಿ ಮಾಡಿದ್ದರು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶವಿದೆ.

ನಲ್ಲಿಯ ಬಾಯಲ್ಲಿ ಪರಿಹಾರ

ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಆಲಂ ಬೆರೆಸಿ ಫ್ಲೋರೈಡನ್ನು ಮಡ್ಡಿಯಾಗಿ ಇಳಿಸುತ್ತಾರೆ. ನೀರಿನ ಗುಣಕ್ಕೆ ತಕ್ಕಂತೆ ಪ್ರಮಾಣ ಅಳೆದು ಹಾಕಬೇಕು, ಮಡ್ಡಿಯನ್ನೂ ವಿಲೇವಾರಿ ಮಾಡಬೇಕು. ಇನ್ನೊಂದು ವಿಧಾನದಲ್ಲಿ ಬಳಸುವ ಸಕ್ರಿಯ ಅಲ್ಯುಮಿನಾ ಸೋಸುವ ಶಕ್ತಿ ಕಳೆದುಕೊಂಡಾಗ ಅದನ್ನು ಕ್ಷಾರ, ಆಮ್ಲಗಳಿಂದ ಪುನಶ್ಚೇತನಗೊಳಿಸಬೇಕು. ಇವೆರಡೂ ಬೇಡುವ ದಿನನಿತ್ಯದ ನಿಗಾ ಹಳ್ಳಿಯ ಮಟ್ಟದಲ್ಲಿ ನಿಲ್ಲುವುದು ಕಷ್ಟ. ಕೊನೆಗೆ ಊರೂರಿನಲ್ಲಿ ನೆಲೆಯಾದದ್ದು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ, ಒತ್ತಡದಿಂದ ನೀರನ್ನು ಪೊರೆಯ ಮೂಲಕ ಸೋಸುವ ಆರ್‌ಒ ಘಟಕ. ‘ಫಿಲ್ಟರ್ ನೀರು’ ಮನೆಮಾತಾಯಿತು. ಆದರೆ ಪೊರೆ ತಡೆದ ಫ್ಲೋರೈಡ್ ತ್ಯಾಜ್ಯ ನೀರಿನಲ್ಲಿ ಸಾಂದ್ರವಾಗುತ್ತದೆ. ಆ ನೀರನ್ನು ಚರಂಡಿಗೆ ಬಿಟ್ಟರೆ ಒಂದಂಶ ಮತ್ತೆ ನೆಲಕ್ಕೇ ಇಳಿಯುತ್ತದೆ.

ನಗರದ ನೀರು ಬಂದ ಮೇಲೆ

ಪಶ್ಚಿಮಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾದದ್ದು ಚಿಕ್ಕಬಳ್ಳಾಪುರದಲ್ಲೇ. ಆದರೂ ಬಯಲುಸೀಮೆಗೆ ಮೊದಲು ತಲುಪಿದ್ದು ಘಟ್ಟದ ನೀರಲ್ಲ, ಬೆಂಗಳೂರಿನ ನೀರು. ದಿನಕ್ಕೆ 44 ಕೋಟಿ ಲೀಟರ್ ಗುರಿಯ ಕೋರಮಂಗಲ–ಚಲ್ಲಘಟ್ಟ ಯೋಜನೆ ಕೋಲಾರದ ಜೊತೆಗೆ ಚಿಂತಾಮಣಿ ಕಡೆಯ ಕೆರೆಗಳನ್ನೂ ಒಳಗೊಂಡಿತು. 21 ಕೋಟಿ ಲೀಟರಿನ ಹೆಬ್ಬಾಳ–ನಾಗವಾರ ಯೋಜನೆ ಚಿಕ್ಕಬಳ್ಳಾಪುರದ ಕಡೆಗೆ ಹರಿಯಿತು. 2018ರ ಜುಲೈನಲ್ಲಿ ಕೋರಮಂಗಲ–ಚಲ್ಲಘಟ್ಟ ಯೋಜನೆಯ ನೀರು ತುಂಬಿದ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀರು ಹರಿಸುವುದಕ್ಕೆ ತಡೆ ನೀಡಿತು; ಮುಂದೆ ತಡೆ ತೆರವಾಗಿ ಹರಿವು ಮುಂದುವರಿಯಿತು. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕೆಂಬುದು ಹೋರಾಟಗಾರರ ವಾದ. ಕೆರೆ ತುಂಬಿದ ಕಡೆ ಬಾವಿಗಳಲ್ಲಿ ನೀರು ಏರಿದ್ದೂ ನಿಜ.

ಎರಡನೇ ಹಂತ ಜೈವಿಕ ಕೊಳೆಯನ್ನು ತೆಗೆಯಲೆಂದು ರೂಪುಗೊಂಡದ್ದು. ಅದರಲ್ಲಿ ಗಾಳಿ ಊದುವಾಗ, ಕೊಳಚೆಗೆ ಸೇರಿದ ಆವಿಯಾಗಬಲ್ಲ ಕೈಗಾರಿಕಾ ದ್ರಾವಕಗಳಲ್ಲಿ ಒಂದು ಪಾಲು ಹಾರಿಹೋಗುತ್ತದೆ. ಭಾರಲೋಹ, ಔಷಧಗಳ ಉಳಿಕೆ ಪೂರ್ತಿ ಹೋಗುವುದಿಲ್ಲ. ದ್ರಾವಕಗಳ ದೊಡ್ಡ ಅಪಾಯ ಕಾರ್ಖಾನೆಯ ಅಂಗಳದಲ್ಲಿ ಅವು ನೇರ ನೆಲಕ್ಕಿಳಿದಾಗ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೋಬರ್ನ್ ಊರಿನಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಪತ್ತೆಯಾಗಿ ಎರಡು ಸಾರ್ವಜನಿಕ ಬಾವಿಗಳನ್ನು 1979ರಲ್ಲಿ ಮುಚ್ಚಲಾಯಿತು. ಶುದ್ಧೀಕರಣ ದಶಕಗಳ ಕೆಲಸವಾಯಿತು. ಈ ದ್ರಾವಕ ನೀರಿಗಿಂತ ಭಾರ. ಬಿರುಕುಗಳಲ್ಲಿ ಕೆಳಕ್ಕಿಳಿದು, ಅಲ್ಲಿಂದ ನಿಧಾನವಾಗಿ ಕರಗುತ್ತಲೇ ಇರುತ್ತದೆ. ನೀರೆತ್ತಿ ಗಾಳಿಯಿಂದಲೋ ಇದ್ದಿಲಿನಿಂದಲೋ ಶುದ್ಧಿ ಮಾಡಬಹುದು, ಆದರೆ ತಳದ ಸಂಚಯ ಸುಲಭಕ್ಕೆ ಕರಗಿ ಮುಗಿಯದು. ಕಳವಾರ ಸೀಮೆಯ ಬಿರುಕುಬಂಡೆಯಲ್ಲಿ ಹೀಗಾದರೆ ಅದು ಹರಡುವ ದಾರಿ ಗುರುತಿಸುವುದೇ ಕಠಿಣ.

ಫ್ಲೋರೈಡಿನ ವಿಷಯದಲ್ಲಿ ದೂರಬೇಕಾದದ್ದು ಬಂಡೆಯನ್ನು; ಅದರಿಂದ ದಂಡ ವಸೂಲಿ ಸಾಧ್ಯವಿಲ್ಲವಾದ್ದರಿಂದ ಊರೇ ಫಿಲ್ಟರ್ ನೀರಿಗೆ ದುಡ್ಡು ತೆತ್ತಿತು. ನಗರದಿಂದ ಬರುವ ನೀರಿಗೆ ಕಳಿಸುವವರಿದ್ದಾರೆ, ಕಾರ್ಖಾನೆಗೆ ಮಾಲೀಕರಿದ್ದಾರೆ. ಆದ್ದರಿಂದ ತುಂಬುವ ಪ್ರತಿ ಕೆರೆಯ ಕೆಳಗೂ ಕೈಗಾರಿಕಾ ಪ್ರದೇಶದ ಅಂಚಿನಲ್ಲೂ ವೀಕ್ಷಣಾ ಬಾವಿ ಕೊರೆದು, ಲೋಹ ಮತ್ತು ದ್ರಾವಕಗಳ ಪರೀಕ್ಷೆಯ ವರದಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಆ ಖರ್ಚನ್ನು ನೀರು ಕಳಿಸುವವರೂ ಕಾರ್ಖಾನೆಯವರೂ ಹೊರಬೇಕು.