ಬಿಸಿ ಹವೆಯಲ್ಲಿ ಕೆಂಪು ಮೇಪಲ್: ನೆಡುವ ಕ್ರಮ, ಆರೈಕೆ

ಮೇಪಲ್ ಎಂದೊಡನೆ ಹಿಮ ಸುರಿಯುವ ನಾಡಿನ ಚಿತ್ರವೇ ಕಣ್ಮುಂದೆ ನಿಲ್ಲುತ್ತದೆ. ಆದರೆ ಕೆಂಪು ಮೇಪಲ್ ಮರದ ವಿಸ್ತಾರ ಅದಕ್ಕಿಂತ ದೊಡ್ಡದು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹಿಡಿದು ಅಮೆರಿಕದ ದಕ್ಷಿಣ ತುದಿಯ ಫ್ಲಾರಿಡಾದವರೆಗೆ, ಪಶ್ಚಿಮದಲ್ಲಿ ಟೆಕ್ಸಾಸ್‌ನ ಪೂರ್ವಭಾಗದವರೆಗೆ ಅದು ಸಹಜವಾಗಿ ಬೆಳೆಯುತ್ತದೆ. ಎವರ್‌ಗ್ಲೇಡ್ಸ್‌ನ ಜೌಗುನೆಲವೂ ಅದರ ತವರೇ. ಅಟ್ಲಾಂಟಾ, ರಾಲಿ, ಹ್ಯೂಸ್ಟನ್ ಮೊದಲಾದ ದಕ್ಷಿಣದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಪರಿಚಿತ ಮರ. ಹೀಗಿದ್ದೂ ಆ ಭಾಗದ ಬೀದಿಬದಿಗಳಲ್ಲಿ ನೆಟ್ಟ ಮರಗಳು ಕೆಲವೇ ವರ್ಷಗಳಲ್ಲಿ ಸೊರಗುವುದುಂಟು. ತಳಿ ಮತ್ತು ಜಾಗದ ಆಯ್ಕೆಯಲ್ಲಿನ ತಪ್ಪೇ ಇದಕ್ಕೆ ಮುಖ್ಯ ಕಾರಣ.

ಪರಿಚಯ:

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಏಸರ್ ರೂಬ್ರಮ್. 1753ರಲ್ಲಿ ಲಿನೇಯಸ್ ಈ ಹೆಸರಿಟ್ಟನು. ಅಂಟುವಾಳ, ಲಿಚಿ ಮರಗಳ ಕುಟುಂಬವೇ ಇದರದೂ. ತೋಟಗಳಲ್ಲಿ ಸಾಮಾನ್ಯವಾಗಿ 12ರಿಂದ 20 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಹೂವು, ರೆಕ್ಕೆಯುಳ್ಳ ಕಾಯಿ, ಎಲೆಯ ತೊಟ್ಟು ಎಲ್ಲದರಲ್ಲೂ ಕೆಂಪು ಛಾಯೆ ಇರುತ್ತದೆ. ಇದೇ ಹೆಸರಿನಲ್ಲಿ ಕೆಲವೊಮ್ಮೆ ಮಾರಾಟವಾಗುವ ಕೆಂಪೆಲೆಯ ಜಪಾನಿ ಮೇಪಲ್ ಬೇರೆಯೇ ಜಾತಿ. ಅದು ಗಾತ್ರದಲ್ಲಿ ಚಿಕ್ಕದು, ತೀಕ್ಷ್ಣ ಬಿಸಿಲಿಗೆ ಅದರ ಎಲೆಯಂಚು ಸುಡುತ್ತದೆ.

ತಳಿಯ ಆಯ್ಕೆ:

ಉತ್ತರದ ಮರಗಳು ಚಳಿಗಾಲದಲ್ಲಿ ದೀರ್ಘಕಾಲ ತಂಪಿನಲ್ಲಿದ್ದರಷ್ಟೇ ವಸಂತದಲ್ಲಿ ಸರಿಯಾಗಿ ಚಿಗುರುತ್ತವೆ. ದಕ್ಷಿಣ ಫ್ಲಾರಿಡಾದ ಬೀಜದಿಂದ ಬಂದ ಸಸಿಗಳಿಗೆ ಇಂತಹ ತಂಪಿನ ಅಗತ್ಯವಿಲ್ಲವೆಂಬುದು 1960ರಲ್ಲಿ ಪ್ರಕಟವಾದ ಅಧ್ಯಯನದಿಂದಲೇ ತಿಳಿದಿದೆ. ಆದ್ದರಿಂದ ಸಸಿಯ ಜಾತಿಯನ್ನಷ್ಟೇ ಅಲ್ಲ, ಅದರ ಬೀಜ ಯಾವ ಸೀಮೆಯದು ಎಂಬುದನ್ನೂ ವಿಚಾರಿಸಿ ಕೊಳ್ಳುವುದು ಅವಶ್ಯಕ. ಬಿಸಿ ಸೀಮೆಗೆ ‘ಫ್ಲಾರಿಡಾ ಫ್ಲೇಮ್’, ‘ಸಮ್ಮರ್ ರೆಡ್’ ಮುಂತಾದ ತಳಿಗಳು ಒಗ್ಗುತ್ತವೆ. ಕಸಿ ಕಟ್ಟಿದ ಸಸಿಗಳಲ್ಲಿ ಬುಡದ ಗಿಡ ಮತ್ತು ಮೇಲಿನ ಕುಡಿ ಕೆಲ ವರ್ಷಗಳ ನಂತರ ಹೊಂದದೆ ಬೇರ್ಪಡುವ ಅಪಾಯವಿದೆ. ಆದ್ದರಿಂದ ಕಡ್ಡಿಯಿಂದಲೇ ಬೇರು ಬರಿಸಿದ ಸಸಿ ಲೇಸು.

ನೆಲ ಮತ್ತು ಜಾಗ:

ಕೆಂಪು ಮೇಪಲ್‌ಗೆ ತೇವ ಹಿಡಿದಿಡುವ, ಆಮ್ಲೀಯ ಗುಣದ ಮಣ್ಣು ಬೇಕು. ಕೆಲಕಾಲ ನೀರು ನಿಂತರೂ ತಾಳಿಕೊಳ್ಳುತ್ತದೆ, ಆದರೆ ದೀರ್ಘ ಒಣಹವೆಯನ್ನು ಸಹಿಸದು. ರಸಸಾರ 7ಕ್ಕಿಂತ ಹೆಚ್ಚಿರುವ ಮಣ್ಣಿನಲ್ಲಿ ಮ್ಯಾಂಗನೀಸ್ ದೊರೆಯದೆ ಎಲೆಯ ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಇಂತಹ ನೆಲದಲ್ಲಿ ಗೊಬ್ಬರ ಸುರಿದು ಮರವನ್ನು ಉಳಿಸಲೆತ್ನಿಸುವುದಕ್ಕಿಂತ ಬೇರೆ ಮರ ನೆಡುವುದೇ ವಿವೇಕ.

ಕಾಂಕ್ರೀಟು ಮತ್ತು ಡಾಂಬರು ಇದರ ದೊಡ್ಡ ಶತ್ರುಗಳು. ಅವುಗಳ ಕಾವಿನಿಂದ ಮರ ಬಾಯಾರುವುದಲ್ಲದೆ, ಕೊಂಬೆಗೆ ಅಂಟಿ ರಸ ಹೀರುವ ಒಂದು ಬಗೆಯ ಶಲ್ಕ ಕೀಟವೂ ಅಲ್ಲಿ ಹೆಚ್ಚುತ್ತದೆ. ಬಿಸಿಯಾದ ತಾಣಗಳಲ್ಲಿ ಈ ಕೀಟ ಹೆಚ್ಚು ಮೊಟ್ಟೆಯಿಡುತ್ತದೆಂದು ನಾರ್ತ್ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಕೀಟತಜ್ಞರು ರಾಲಿ ನಗರದ ಮರಗಳಲ್ಲಿ ಕಂಡುಕೊಂಡರು. ನೆಡುವ ಜಾಗದ ಸುತ್ತ ಹೆಜ್ಜೆಯಿಟ್ಟು ಎಣಿಸಿ, ಗಟ್ಟಿನೆಲದ ಪಾಲನ್ನು ಅಂದಾಜಿಸುವ ಸರಳ ವಿಧಾನವನ್ನೂ 2016ರಲ್ಲಿ ಅವರು ಸೂಚಿಸಿದರು. ಈ ಪಾಲು ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದಲ್ಲಿ ಮರ ಚೆನ್ನಾಗಿ ಬೆಳೆಯುತ್ತದೆ. ಸುತ್ತಲೂ ಬಹುಪಾಲು ಕಾಂಕ್ರೀಟೇ ಇದ್ದರೆ ಈ ಮರವನ್ನು ಕೈಬಿಡುವುದು ಉಚಿತ.

ನೆಡುವ ವಿಧಾನ:

ಎಲೆ ಉದುರಿರುವ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೂಕ್ತ. ಗುಂಡಿಯ ಅಗಲ ಬೇರುಗಡ್ಡೆಯ ಎರಡು-ಮೂರು ಪಟ್ಟು ಇರಬೇಕು, ಆಳ ಮಾತ್ರ ಅದಕ್ಕಿಂತ ಹೆಚ್ಚಬಾರದು. ಕಾಂಡದಿಂದ ಬೇರು ಅಗಲಿಸುವ ಭಾಗ ನೆಲದ ಮಟ್ಟದಲ್ಲೇ ಕಾಣಬೇಕು. ಕುಂಡದಲ್ಲಿ ಸುತ್ತಿಕೊಂಡು ಬೆಳೆದ ಬೇರುಗಳನ್ನು ನೆಡುವ ಮುನ್ನವೇ ಕತ್ತರಿಸಬೇಕು. ಹಾಗೆಯೇ ಬಿಟ್ಟರೆ ಮುಂದೆ ಅವೇ ಕಾಂಡವನ್ನು ಬಿಗಿದು ಮರವನ್ನು ಕೊಲ್ಲುತ್ತವೆ. ಬುಡದ ಸುತ್ತ 5ರಿಂದ 8 ಸೆಂಟಿಮೀಟರ್ ದಪ್ಪ ತರಗೆಲೆಯ ಹೊದಿಕೆ ಹಾಸಬೇಕು, ಅದು ತೊಗಟೆಗೆ ತಾಗಕೂಡದು.

ನೀರು ಮತ್ತು ಸವರುವಿಕೆ:

ಕಾಂಡದ ಪ್ರತಿ ಅಂಗುಲ ದಪ್ಪಕ್ಕೆ ಒಂದು ಸಲಕ್ಕೆ 8ರಿಂದ 11 ಲೀಟರ್ ನೀರು ಬೇಕು. ಮೊದಲ ಕೆಲವು ವಾರ ಪ್ರತಿದಿನ, ನಂತರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಉಣಿಸುತ್ತ ಬರಬೇಕು. ಮೊದಲ ಎರಡು ಬೇಸಿಗೆಗಳಲ್ಲಿ ನೀರು ತಪ್ಪಿದರೆ ಸಸಿ ಚೇತರಿಸಿಕೊಳ್ಳುವುದು ಕಷ್ಟ.

ಎಳೆಯ ಮರದ ತೊಗಟೆ ತೆಳುವಾದುದು. ಹುಲ್ಲು ಕತ್ತರಿಸುವ ಯಂತ್ರ ತಗುಲಿದರೂ ಗಾಯವಾಗುತ್ತದೆ. ಎರಡು ಸಮಬಲದ ಕಾಂಡಗಳು ಕವಲೊಡೆದಿದ್ದರೆ ಚಿಕ್ಕಂದಿನಲ್ಲೇ ಒಂದನ್ನು ಮೊಟಕುಗೊಳಿಸಬೇಕು. ಇಲ್ಲವಾದರೆ ಬಿರುಗಾಳಿಗೆ ಮರ ಕವಲಿನಲ್ಲೇ ಸೀಳುತ್ತದೆ. ದೊಡ್ಡ ಕೊಂಬೆ ಕಡಿದ ಗಾಯದಲ್ಲಿ ಕೊಳೆ ಬೇಗ ಹರಡುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಕುದುರೆ ಸಾಕಿದವರು ಈ ಮರವನ್ನು ಲಾಯದ ಬಳಿ ನೆಡಲೇಬಾರದು. ಬಾಡಿದ ಎಲೆ ತಿಂದ ಕುದುರೆಯ ರಕ್ತಕಣಗಳು ನಾಶವಾಗಿ ಅದು ಸಾಯಬಹುದು.

ಬಣ್ಣದ ನಿರೀಕ್ಷೆ:

ಬಿಸಿಲಿರುವ ಹಗಲು, ತಂಪಾದ ರಾತ್ರಿ ಕೂಡಿದಾಗ ಪತ್ರಹರಿತ್ತು ಕರಗಿ ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಎಲೆಯಲ್ಲಿ ತುಂಬುತ್ತದೆ. ಬಿಸಿ ಸೀಮೆಯಲ್ಲಿ ಈ ಬಣ್ಣ ತಡವಾಗಿ, ಮಂಕಾಗಿ ಬರುತ್ತದೆ. ಫ್ಲಾರಿಡಾದಲ್ಲಿ ಮರದ ನಿಜವಾದ ಸೊಬಗು ಜನವರಿ-ಫೆಬ್ರವರಿಯ ಹೂವು ಮತ್ತು ಕಾಯಿಗಳಲ್ಲಿದೆ.

ಕರ್ನಾಟಕದಲ್ಲಿ:

ಬೆಂಗಳೂರಿನ ಚಳಿ ಉತ್ತರದ ತಳಿಗಳಿಗೆ ಸಾಲದು. ದಕ್ಷಿಣದ ತಳಿಯನ್ನೇ ತಂದರೂ ಒಳನಾಡಿನ ಮಳೆಯಿಲ್ಲದ ದೀರ್ಘ ಬೇಸಿಗೆ, ಕೊಳವೆಬಾವಿಯ ಗಡಸು ನೀರು, ಉತ್ತರ ಕರ್ನಾಟಕದ ಕ್ಷಾರಗುಣದ ಕಪ್ಪುಮಣ್ಣು ಇವೆಲ್ಲ ಜೌಗಿನಲ್ಲಿ ಬೆಳೆದ ಮರಕ್ಕೆ ಪ್ರತಿಕೂಲ. ಅಂಗಳದಲ್ಲಿ ಕೆಂಪೆಲೆಯೇ ಬೇಕೆಂಬವರಿಗೆ ಸಾಗಡೆ ಮರವಿದೆ. ಮೇಪಲ್‌ನ ಕುಟುಂಬಕ್ಕೇ ಸೇರಿದ ಈ ಮರ ರಾಜ್ಯದ ಎಲೆಯುದುರುವ ಕಾಡುಗಳಲ್ಲಿ ಸಹಜವಾಗಿದೆ. ಮೇಪಲ್ ಉದುರುವ ಮುನ್ನ ಕೆಂಪಾದರೆ, ಸಾಗಡೆ ಬೇಸಿಗೆಯ ಹೊಸ್ತಿಲಲ್ಲಿ ಚಿಗುರುವಾಗಲೇ ಕೆಂಪಾಗುತ್ತದೆ.