ಕಡಲು ದಾಟಿ ಬಂದ ಮನೆ

ಮೆಲ್ಬರ್ನಿನ ಫಿಟ್ಜ್‌ರಾಯ್ ಗಾರ್ಡನ್ಸ್‌ನಲ್ಲಿರುವ ಕುಕ್ಸ್ ಕಾಟೇಜ್ ನಾವೆಲ್ಲ ನೋಡಿದ್ದೇವೆ. ಆ ಮನೆಯೂ ನಮ್ಮ ಹಾಗೆ ಹೊರಗಿಂದ ಬಂದದ್ದೇ.

ನಾವಿಕ ಜೇಮ್ಸ್ ಕುಕ್‌ನ ತಂದೆ-ತಾಯಿಯ ಮನೆ ಇದು. ಇದ್ದದ್ದು ಇಂಗ್ಲೆಂಡಿನ ಗ್ರೇಟ್ ಏಟನ್ ಹಳ್ಳಿಯಲ್ಲಿ. ಬಾಗಿಲ ಮೇಲೆ 1755 ಅಂತ ಕೆತ್ತಿದೆ. 1933ರಲ್ಲಿ ಮಾರಾಟಕ್ಕೆ ಬಂತು. ಮನೆ ಇಂಗ್ಲೆಂಡ್ ಬಿಟ್ಟು ಹೋಗಬಾರದು ಅಂತ ಒಡತಿಯ ಷರತ್ತು. ಕೊನೆಗೆ ಸಾಮ್ರಾಜ್ಯದೊಳಗೆ ಎಲ್ಲಿದ್ದರೂ ಸರಿ ಅಂತ ಒಪ್ಪಿದರು. ಅಲ್ಲಿಯವರು 300 ಪೌಂಡಿಗೆ ಕೇಳಿದರೆ, ಮೆಲ್ಬರ್ನಿನ ರಸೆಲ್ ಗ್ರಿಮ್‌ವೇಡ್ 800 ಕೊಟ್ಟರು. ಬಿಚ್ಚಿದ ಇಟ್ಟಿಗೆಗಳಿಗೆ ನಂಬರ್ ಹಾಕಿ, 253 ಪೆಟ್ಟಿಗೆ, 40 ಪೀಪಾಯಿಗಳಲ್ಲಿ ಹಡಗಿಗೆ ಏರಿಸಿದರು. ಗೋಡೆಗೆ ಹಬ್ಬಿದ್ದ ಬಳ್ಳಿಯ ಕಡ್ಡಿಯೂ ಜೊತೆಗೆ ಬಂತು. 1934ರಲ್ಲಿ ಮನೆ ಇಲ್ಲಿ ಎದ್ದು ನಿಂತಿತು.

ನಾವು ಹಳೇ ಬೋರ್ಡ್ ಬಿಚ್ಚೋ ಮುಂಚೆ ವೈರಿಗೆ ಟ್ಯಾಗ್ ಹಾಕ್ತೀವಲ್ಲ, ಅದೇ ಲೆಕ್ಕ. ಬಿಚ್ಚೋದು ಸುಲಭ, ಕೂಡಿಸೋಕೆ ಗುರುತು ಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರೂ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು.

ಆದರೆ ಕುಕ್ ಈ ಮನೆಯಲ್ಲಿ ಬಾಳಿದ್ದಕ್ಕೆ ಸಾಕ್ಷಿ ಇಲ್ಲ. ಅದು ಕಟ್ಟುವ ಮುಂಚೆಯೇ ಅವನು ಊರು ಬಿಟ್ಟಿದ್ದ. ಈ ನೆಲದ ಮೂಲನಿವಾಸಿಗಳಲ್ಲಿ ಅನೇಕರಿಗೆ ಅವನ ಹೆಸರೇ ನೋವು. ಗೋಡೆಗೆ ಬಣ್ಣ ಬಳಿದು ಪ್ರತಿಭಟಿಸಿದ್ದೂ ಉಂಟು. ಅತ್ತ ಗ್ರೇಟ್ ಏಟನ್‌ನಲ್ಲಿ ಮನೆಯಿದ್ದ ಜಾಗದಲ್ಲಿ ಈಗಿರೋದು ಆಸ್ಟ್ರೇಲಿಯಾದಿಂದ ಕಳಿಸಿದ ಕಲ್ಲಿನ ಕಂಬ.

ಗೋಡೆ ಉಳಿಸಿದರೆ ಸಾಲದು, ಅದರ ಪೂರ್ತಿ ಕಥೆಯೂ ಉಳಿಯಬೇಕು. ಊರಲ್ಲಿ ನಮ್ಮ ಹೆಂಚಿನ ಮನೆ ಕೆಡವೋ ಮುಂಚೆ, ಕಟ್ಟಿದವರು ಯಾರು, ಬಾಳಿದವರು ಯಾರು ಅಂತ ಹಿರಿಯರನ್ನು ಕೇಳಿ ಬರೆದಿಡೋಣ.