ಹುತ್ತದಿಂದ ಪೆಟ್ಟಿಗೆಗೆ: ತುಡುವೆ ಜೇನಿನ ಮನೆ ಬದಲಾವಣೆಯ ಕಥೆ

ಹೊಸದಾಗಿ ಜೇನಿನ ಹುಚ್ಚು ಹಿಡಿದವರ ಕಥೆ ನಮ್ಮ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಮೊದಲು ಒಂದು ಪೆಟ್ಟಿಗೆ ತರುತ್ತಾರೆ. ಹಳೇ ಗೋಡೆಯಲ್ಲೋ ಹುತ್ತದಲ್ಲೋ ಇರುವ ತುಡುವೆ ಕುಟುಂಬ ಹುಡುಕುತ್ತಾರೆ. ಎರಿ ಕತ್ತರಿಸಿ, ನೊಣಗಳನ್ನು ಬಾಚಿ ಪೆಟ್ಟಿಗೆಗೆ ತುಂಬುತ್ತಾರೆ. ಮುಖ ಊದಿಸಿಕೊಂಡು ಮನೆಗೆ ಬರುತ್ತಾರೆ. ಮೂರನೇ ದಿನ ಮುಚ್ಚಳ ತೆಗೆದರೆ ಒಳಗೆ ಇರುವೆ ಬಿಟ್ಟು ಬೇರೇನೂ ಇಲ್ಲ!

ಇದಕ್ಕೆ ಬೇಸರ ಮಾಡಿಕೊಳ್ಳಬೇಕಿಲ್ಲ. ಜೇನನ್ನು ಕೊಲ್ಲದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೂರಿಸುವುದನ್ನು ಕಲಿಯಲು ಮನುಷ್ಯನಿಗೆ ನೂರಾರು ವರ್ಷ ಹಿಡಿದಿದೆ.

ಯುರೋಪಿನ ರೈತರು ಹಿಂದೆ ಹುಲ್ಲಿನ ಬುಟ್ಟಿಗಳಲ್ಲಿ ಜೇನು ಸಾಕುತ್ತಿದ್ದರು. ಎರಿಗಳು ಬುಟ್ಟಿಯ ಒಳಮೈಗೆ ಅಂಟಿಕೊಂಡಿರುತ್ತಿದ್ದವು, ಹೊರತೆಗೆಯಲು ದಾರಿಯಿಲ್ಲ. ತುಪ್ಪ ಬೇಕಾದಾಗ ಗುಂಡಿಯಲ್ಲಿ ಗಂಧಕ ಸುಟ್ಟು, ಅದರ ಹೊಗೆಯ ಮೇಲೆ ಬುಟ್ಟಿ ಇಡುತ್ತಿದ್ದರು. ಇಡೀ ಕುಟುಂಬ ಸಾಯುತ್ತಿತ್ತು. ಕೊಲ್ಲಲು ಮನಸ್ಸಿಲ್ಲದವರು ಇನ್ನೊಂದು ಉಪಾಯ ಮಾಡುತ್ತಿದ್ದರು. ಬುಟ್ಟಿಯನ್ನು ತಲೆಕೆಳಗು ಮಾಡಿ, ಮೇಲೆ ಖಾಲಿ ಬುಟ್ಟಿ ಹಿಡಿದು, ಕೆಳಗಿನದನ್ನು ಕೈಯಿಂದ ಒಂದೇ ಸಮನೆ ಬಡಿಯುವುದು. ನೊಣಗಳು ಸಾಲಾಗಿ ಮೇಲಕ್ಕೆ ಹತ್ತುತ್ತಿದ್ದವು.

ದಕ್ಷಿಣ ಭಾರತದಲ್ಲಿ ಮಡಕೆ, ಟೊಳ್ಳು ದಿಮ್ಮಿಗಳನ್ನು ಇಡುವ ರೂಢಿ ಇತ್ತು. ಒಳಗೆ ಮೇಣ ಸವರಿದ ಮಡಕೆಗೆ, ಪಾಲಾಗಿ ಹೊರಟ ಕುಟುಂಬ ತಾನಾಗಿ ಬಂದು ಸೇರುತ್ತಿತ್ತು. ಆದರೆ ತುಪ್ಪ ತೆಗೆಯಲು ಎರಿಯನ್ನು ಕತ್ತರಿಸಲೇಬೇಕು. ಮರಿ ಇರುವ ಎರಿ ಹಾಳಾದರೆ ಕುಟುಂಬ ಜಾಗ ಬಿಡುತ್ತಿತ್ತು.

ಈ ತೊಡಕಿಗೆ ಉತ್ತರ ಸಿಕ್ಕಿದ್ದು 1851ರಲ್ಲಿ. ಅಮೆರಿಕದ ಪಾದ್ರಿ ಲಾಂಗ್‌ಸ್ಟ್ರಾತ್ ಒಂದು ಸಣ್ಣ ವಿಷಯ ಗಮನಿಸಿದರು. ಎರಿ ಮತ್ತು ಪೆಟ್ಟಿಗೆಯ ನಡುವೆ ಸುಮಾರು ಮುಕ್ಕಾಲು ಇಂಚಿನ ಅರ್ಧದಷ್ಟು ಸಂದು ಬಿಟ್ಟರೆ ನೊಣಗಳು ಅದನ್ನು ಓಡಾಡುವ ದಾರಿಯಾಗಿ ಹಾಗೇ ಬಿಡುತ್ತವೆ. ಸಂದು ಕಿರಿದಾದರೆ ಅಂಟು ತುಂಬುತ್ತವೆ, ಅಗಲವಾದರೆ ಅಲ್ಲೇ ಎರಿ ಕಟ್ಟುತ್ತವೆ. ಈ ಲೆಕ್ಕದಲ್ಲಿ ಅವರು ಮಾಡಿದ ಪೆಟ್ಟಿಗೆಯಲ್ಲಿ ಪ್ರತಿ ಎರಿಯನ್ನೂ ಚೌಕಟ್ಟಿನ ಸಮೇತ ಎತ್ತಿ ನೋಡಿ, ಮತ್ತೆ ಇಳಿಸಬಹುದಿತ್ತು.

ಅದು ಯುರೋಪಿನ ದೊಡ್ಡ ನೊಣದ ಅಳತೆ. ನಮ್ಮ ತುಡುವೆ ಅದಕ್ಕಿಂತ ಚಿಕ್ಕದು, ಕುಟುಂಬವೂ ಚಿಕ್ಕದು. ಅಷ್ಟು ದೊಡ್ಡ ಪೆಟ್ಟಿಗೆ ಅದಕ್ಕೆ ಒಗ್ಗುವುದಿಲ್ಲ. 1910ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆ ಮಾಡಿ, ಹಳ್ಳಿಯವರಿಗೆ ಕಲಿಸಿದರು. ಇಂದಿಗೂ ನಮ್ಮ ತೋಟಗಳಲ್ಲಿ ಅದಕ್ಕೆ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ಮುಂದೆ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಜೇನು ಕೃಷಿ ಬೆಳೆಯಿತು. ವಿರಾಜಪೇಟೆ, ಪುತ್ತೂರಿನಂಥ ಕಡೆ ಸಹಕಾರ ಸಂಘಗಳು ತುಪ್ಪ ಕೊಂಡವು. ಪೆಟ್ಟಿಗೆ ತುಂಬಲು ಕುಟುಂಬ ಬಂದದ್ದು ಮಾತ್ರ ಕಾಡಿನ ಪೊಟರೆ, ಹುತ್ತ, ಮನೆ ಗೋಡೆಗಳಿಂದಲೇ.

ಹಾಗೆ ಕುಟುಂಬ ತಂದ ತಲೆಮಾರಿನವರು ಪೆಟ್ಟು ತಿಂದು ಕಲಿತ ಪಾಠಗಳು ಇವತ್ತಿಗೂ ನಡೆಯುತ್ತವೆ.

ತುಡುವೆಯನ್ನು ಪೆಟ್ಟಿಗೆಯಲ್ಲಿ ಕಟ್ಟಿಹಾಕುವುದು ತುಪ್ಪವಲ್ಲ, ಮರಿ. ಹೊಸಬರು ತುಪ್ಪದ ಎರಿಯನ್ನೂ ಪೆಟ್ಟಿಗೆಗೆ ಹಾಕುತ್ತಾರೆ. ಅದು ಸೋರಿ ಇರುವೆ ಬರುತ್ತದೆ, ಜೇನು ಓಡುತ್ತದೆ. ಅನುಭವಿಗಳು ಮರಿ ಎರಿಯನ್ನು ಮಾತ್ರ ಬಾಳೆ ನಾರಿನಿಂದ ಚೌಕಟ್ಟಿಗೆ ಕಟ್ಟುತ್ತಾರೆ, ಮೇಲುಭಾಗ ಮೇಲೆಯೇ ಇರುವಂತೆ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಾರೆ.

ರಾಣಿ ಬಾರದೆ ಯಾರೂ ಬರುವುದಿಲ್ಲ. ರಾಣಿ ಪೆಟ್ಟಿಗೆ ಸೇರಿದರೆ ಉಳಿದವು ತಾವಾಗಿ ಒಳಗೆ ನಡೆಯುತ್ತವೆ. ಕೆಲವು ದಿನ ಬಾಗಿಲಿಗೆ ರಾಣಿ ತಡೆ ಹಾಕುತ್ತಾರೆ. ಅದರಲ್ಲಿ ಕೆಲಸಗಾರ ನೊಣ ನುಸುಳುತ್ತದೆ, ರಾಣಿಯ ಮೈ ಹಿಡಿಯುವುದಿಲ್ಲ.

ಕೆಲಸ ಸಂಜೆಯೇ ಆಗಬೇಕು. ಹಗಲು ಹೊತ್ತಲ್ಲಿ ತಂದರೆ ಮೇಯಲು ಹೋದವು ಹಿಂದೆ ಉಳಿಯುತ್ತವೆ. ಕುಟುಂಬವನ್ನು ಅದೇ ಹಿತ್ತಲಿನ ಇನ್ನೊಂದು ಮೂಲೆಗೆ ಒಯ್ದರೂ ಕಷ್ಟ. ನೊಣಗಳಿಗೆ ಹಳೇ ಜಾಗ ನೆನಪಿರುತ್ತದೆ, ಮರುದಿನ ಅದೇ ಗೋಡೆಗೆ ಹೋಗಿ ಮುತ್ತುತ್ತವೆ. ಅದಕ್ಕೇ ಒಂದೋ ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿ ಸರಿಸುತ್ತಾರೆ, ಇಲ್ಲವೇ ಕೆಲವು ಕಿಲೋಮೀಟರ್ ದೂರ ಒಯ್ಯುತ್ತಾರೆ.

ಇಷ್ಟೆಲ್ಲ ತುಡುವೆಯ ಮಾತು. ಬಯಲಲ್ಲಿ ಒಂದೇ ಎರಿ ಕಟ್ಟುವ ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಅದನ್ನು ಎಬ್ಬಿಸಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಅದು ಕಾಲಕ್ಕೆ ಬಂದು, ಕಾಲಕ್ಕೆ ತಾನೇ ವಲಸೆ ಹೋಗುವ ಜೇನು. ತೊಂದರೆ ಇಲ್ಲದ ಜಾಗದಲ್ಲಿದ್ದರೆ ಕಾಯುವುದೇ ಸರಿ.

ಈಗ ಈ ಕಥೆ ಯಾಕೆ ಮುಖ್ಯ ಎಂದು ಹೇಳಬೇಕು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. 1976ರಲ್ಲಿ ಥೈಲ್ಯಾಂಡಿನಲ್ಲಿ ಪತ್ತೆಯಾದ ರೋಗವಿದು. ತುಡುವೆಯ ಮರಿಗಳು ನೀರು ತುಂಬಿದ ಚೀಲದಂತಾಗಿ ಎರಿಯಲ್ಲೇ ಸತ್ತವು. ಕೊಡಗು, ಕರಾವಳಿ, ಮಲೆನಾಡು, ಕೇರಳ, ತಮಿಳುನಾಡು ಎಲ್ಲ ಕಡೆ ಸಾಕಿದ ಕುಟುಂಬಗಳಲ್ಲಿ ದೊಡ್ಡ ಪಾಲು ನಾಶವಾಯಿತು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಆ ರೋಗಕ್ಕೆ ಔಷಧಿ ಇರಲಿಲ್ಲ, ಈಗಲೂ ಇಲ್ಲ. ತಡೆದುಕೊಂಡು ಉಳಿದ ಕೆಲವೇ ಕುಟುಂಬಗಳ ಸಂತತಿಯಿಂದ ತುಡುವೆ ನಿಧಾನಕ್ಕೆ ಚೇತರಿಸಿತು.

ಹಾಗಾಗಿ ಇಂದು ನಿಮ್ಮ ಹಳೇ ಗೋಡೆಯಲ್ಲೋ ಗದ್ದೆ ಬದಿಯ ಹುತ್ತದಲ್ಲೋ ಇರುವ ತುಡುವೆ ಕುಟುಂಬ ಆ ಗಂಡಾಂತರ ದಾಟಿ ಬಂದವರ ಪೀಳಿಗೆ. ಮನೆ ಕೆಡವುವಾಗ ಅದಕ್ಕೆ ಬೆಂಕಿ ಕೊಡುವುದು, ಕೀಟನಾಶಕ ಹೊಡೆಯುವುದು ಐದು ನಿಮಿಷದ ಕೆಲಸ. ಅದರ ಬದಲು ಹತ್ತಿರದ ಜೇನು ಕೃಷಿಕರಿಗೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಒಂದು ಫೋನ್ ಮಾಡಿ. ನೀವೇ ಕಲಿಯಬೇಕೆಂದಿದ್ದರೆ ಮೊದಲ ಸಲ ಅನುಭವಿಗಳ ಜೊತೆ ಹೋಗಿ, ಮುಖಪರದೆ ಮರೆಯಬೇಡಿ. ಕಚ್ಚಿದ ಮೇಲೆ ಉಸಿರಾಟ ಕಷ್ಟವಾದರೆ ಮನೆಮದ್ದು ಬಿಟ್ಟು ನೇರ ಆಸ್ಪತ್ರೆಗೆ ನಡೆಯಿರಿ.